ಗುಗ್ಗರಿ ಬಿಟ್ಟು ಗಾಳಿ ಪ್ಯಾಕೆಟ್ ಹಿಡಿದ ಕನ್ನಡದ ಹುಡುಗರಿಗೆ

ಆಯುಧಪೂಜೆಯ ದಿನ ಮಿಷನ್ನುಗಳನ್ನು ತೊಳೆದು ಒರೆಸಿ, ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಎಲ್ಲರ ಕೈಗೂ ಒಂದೊಂದು ಪೊಟ್ಟಣ ಕಡ್ಲೆಪುರಿ ಕೊಡುವುದು ನಮ್ಮ ಪ್ರೆಸ್ಸಿನಲ್ಲಿ ಅಪ್ಪನ ಟ್ರೆಡಲ್ ಕಾಲದಿಂದ ಬಂದ ಪದ್ಧತಿ. ಪುರಿ, ಹುರಿಗಡಲೆ, ಎರಡು ಚೂರು ಕೊಬ್ಬರಿ, ಒಂದು ಬಾಳೆಹಣ್ಣು. ಈ ಸಲ ಪೂಜೆ ಮುಗಿದು ಅರ್ಧ ಗಂಟೆಗೆ ನೋಡುತ್ತೇನೆ, ಪೊಟ್ಟಣಗಳೆಲ್ಲ ಕಟಿಂಗ್ ಮಿಷನ್ ಮೇಲೆ ಹಾಗೇ ಕೂತಿವೆ. ಡಿ.ಟಿ.ಪಿ. ಹುಡುಗನೂ ಬೈಂಡಿಂಗಿನ ಇಬ್ಬರು ಹುಡುಗರೂ ಮೆಟ್ಟಿಲ ಮೇಲೆ ಕೂತು, ಅರ್ಧ ಗಾಳಿ ಅರ್ಧ ಚಿಪ್ಸ್ ತುಂಬಿದ ಬಣ್ಣದ ಪ್ಯಾಕೆಟ್ ಹರಿದು ಕರಂ ಕುರುಂ ಅನ್ನಿಸುತ್ತಿದ್ದಾರೆ.

"ಯಾಕ್ರೋ, ಪುರಿ ತಿನ್ನಲ್ವೇನ್ರೋ?"

"ಅದು ಅಜ್ಜಿ ತಿಂಡಿ ಬಿಡಿ ಸಾರ್!"

ಸಿಟ್ಟು ನೆತ್ತಿಗೇರಿತು. ಆದರೆ ಬೈಯಲು ನನಗೆ ಬಾಯಿ ಎಲ್ಲಿತ್ತು? ಅದಕ್ಕೆ ಹದಿನೈದು ದಿನ ಮೊದಲು ನಮ್ಮ ಬೀದಿಯ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, ಬಿ.ಪಿ. 160ಕ್ಕೆ 100 ಎಂದು ಹೇಳಿ, "ಉಪ್ಪು ಎಲ್ಲಿಂದ ಬರ್ತಿದೆ ಯಜಮಾನ್ರೇ?" ಎಂದು ಕೇಳಿದ್ದರು. ಮನೆಯ ಸಾರಿನಿಂದಲ್ಲ. ರಾತ್ರಿ ಕೆಲಸ ಬಿದ್ದಾಗಲೆಲ್ಲ ಟೀ ಜೊತೆ ಮಿಕ್ಸ್ಚರ್ ಪ್ಯಾಕೆಟ್ ಖಾಲಿ ಮಾಡುತ್ತಿದ್ದವನು ನಾನೇ. ಹತ್ತು ವರ್ಷ! ಆದ್ದರಿಂದ ಗೆಳೆಯರೇ, ಇದು ಮಠದ ಉಪದೇಶವಲ್ಲ. ಸುಟ್ಟುಕೊಂಡವನು ಹೇಳುವ ಮಾತು.

ಭೂತಗನ್ನಡಿಯಲ್ಲಿ ಕಂಡದ್ದು

ಪ್ರೆಸ್ಸಿನವನ ಹತ್ತಿರ ಭೂತಗನ್ನಡಿ ಇದ್ದೇ ಇರುತ್ತದೆ. ಅವತ್ತು ರಾತ್ರಿ ಅದೇ ಮಿಕ್ಸ್ಚರ್ ಪ್ಯಾಕೆಟ್ ತಿರುಗಿಸಿ ಅದರ ಬೆನ್ನು ಓದಿದೆ. ಮುಂದುಗಡೆ ಹೆಸರು ಹೆಬ್ಬೆರಳು ಗಾತ್ರ, ಹಿಂದುಗಡೆ ಸತ್ಯ ಇರುವೆ ಗಾತ್ರ! ಯಾವ ಪದಾರ್ಥ ತೂಕದಲ್ಲಿ ಹೆಚ್ಚಿದೆಯೋ ಅದನ್ನೇ ಪಟ್ಟಿಯಲ್ಲಿ ಮೊದಲು ಹಾಕಬೇಕೆಂಬುದು ಕಾನೂನು. ಆದ್ದರಿಂದ ಮೊದಲ ಮೂರು ಹೆಸರು ಓದಿದರೆ ಸಾಕು, ಬಂಡವಾಳ ಬಯಲು. ನನ್ನ ಪ್ಯಾಕೆಟ್ಟಿನಲ್ಲಿ ಎರಡನೆಯದೇ ಪಾಮೋಲೀನ್ ಎಣ್ಣೆ.

ಇನ್ನು ಉಪ್ಪು. ಅದನ್ನು ಉಪ್ಪು ಎಂದು ಬರೆಯುವುದಿಲ್ಲ, "ಸೋಡಿಯಂ" ಎಂದು ಮಿಲಿಗ್ರಾಂ ಲೆಕ್ಕದಲ್ಲಿ ಬರೆಯುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಬರುತ್ತದೆ. ನನ್ನದರಲ್ಲಿ 100 ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ, ಅಂದರೆ 2 ಗ್ರಾಂ ಉಪ್ಪು. ನಾನು ಒಂದು ರಾತ್ರಿಗೆ ಮುಗಿಸುತ್ತಿದ್ದದ್ದು 200 ಗ್ರಾಂ ಪ್ಯಾಕೆಟ್. ಅಲ್ಲಿಗೆ 4 ಗ್ರಾಂ! ಇಡೀ ದಿನಕ್ಕೇ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ ದಾಟಿದ್ದಾರೆಂದು ಐ.ಸಿ.ಎಂ.ಆರ್. ಅಧ್ಯಯನ 2023ರಲ್ಲೇ ಲೆಕ್ಕ ಕೊಟ್ಟಿದೆ. ಎಲ್ಲವೂ ಪ್ಯಾಕೆಟ್ಟಿನಿಂದಲೇ ಬಂತೆಂದು ನಾನು ಹೇಳುವುದಿಲ್ಲ. ಪ್ಯಾಕೆಟ್ಟಿನ ಪಾಲೇ ಇಲ್ಲ ಎಂದು ನಂಬುವಷ್ಟು ಪೆದ್ದನೂ ಅಲ್ಲ.

ಈಗ ಕೇಳಿ. ಇಷ್ಟನ್ನು ನಾನು ಓದಿದ್ದು ಇಂಗ್ಲಿಷಿನಲ್ಲಿ. ಪಿ.ಯು.ಸಿ. ಮಾಡಿದ್ದೇನೆ, ತಡವರಿಸಿಕೊಂಡು ಓದಿದೆ. ನಮ್ಮ ಮಿಷನ್‌ಮ್ಯಾನ್ ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾನೆ. ಅವನ ತಾಯಿಗೆ ಸಕ್ಕರೆ ಕಾಯಿಲೆ. ಆ ತಾಯಿಗೆ ತಂದುಕೊಡುವ ಬಿಸ್ಕತ್ತಿನಲ್ಲಿ ಸಕ್ಕರೆ ಎಷ್ಟಿದೆ ಎಂದು ಅವನು ಯಾರನ್ನು ಕೇಳಬೇಕು? ತಿಂಡಿ ಪೊಟ್ಟಣದ ವಿವರ ಇಂಗ್ಲಿಷಿನಲ್ಲಿರಲಿ ಅಥವಾ ದೇವನಾಗರಿ ಹಿಂದಿಯಲ್ಲಿರಲಿ, ಬೇರೆ ಭಾಷೆ ಬೇಕಿದ್ದರೆ ಜೊತೆಗೆ ಹಾಕಿಕೊಳ್ಳಿ ಎನ್ನುತ್ತದೆ ಕೇಂದ್ರದ 2020ರ ಲೇಬಲ್ ನಿಯಮ. ಬೇಕಿದ್ದರೆ! ಕಾಸು ಕೊಡುವಾಗ ಕನ್ನಡಿಗ ಬೇಕು, ಒಳಗೇನಿದೆ ಎಂದು ಹೇಳುವಾಗ ಕನ್ನಡ "ಬೇಕಿದ್ದರೆ"!

ಕೂಗಿದರೆ ಏನಾಗುತ್ತದೆ ಎನ್ನುವವರು 2023ರ ಮಾರ್ಚ್ ನೆನಪಿಸಿಕೊಳ್ಳಿ. ಮೊಸರಿನ ಪೊಟ್ಟಣದ ಮೇಲೆ "ದಹಿ" ಎಂದು ಹಾಕಿ, ಮೊಸರು ಎಂಬುದನ್ನು ಬ್ರಾಕೆಟ್ಟಿನಲ್ಲಿ ಇಡಿ ಎಂದಿತ್ತು ದಿಲ್ಲಿಯ ಆಹಾರ ಸುರಕ್ಷತಾ ಪ್ರಾಧಿಕಾರ. ಕರ್ನಾಟಕ, ತಮಿಳುನಾಡು ಎರಡೂ ಕಡೆ ಗದ್ದಲವೆದ್ದ ಮೇಲೆ, ಆ ತಿಂಗಳು ಮುಗಿಯುವುದರೊಳಗೆ ಆದೇಶ ಬದಲಾಯಿತು. ಕೂಗಿದ್ದಕ್ಕೇ ಬದಲಾಯಿತು.

ನನ್ನ ತಪ್ಪೂ ಇದೆ

ಚಕ್ಕುಲಿ, ಕೋಡುಬಳೆ ಮಾಡುವ ಗಿರಾಕಿಯೊಬ್ಬರು ಸ್ಟಿಕ್ಕರ್ ಲೇಬಲ್ ಮಾಡಿಸಲು ಬಂದರು. ಅಪ್ಪಟ ಕನ್ನಡದವರು. ಮ್ಯಾಟರ್ ಪೂರ್ತಿ ಇಂಗ್ಲಿಷ್. "ಪದಾರ್ಥದ ಪಟ್ಟಿ ಕನ್ನಡದಲ್ಲೂ ಹಾಕೋಣ ಸಾರ್" ಎಂದೆ. "ಬೇಡ ಬಿಡಿ, ಕನ್ನಡ ಹಾಕಿದ್ರೆ ಲೋಕಲ್ ಮಾಲ್ ಅಂದ್ಕೋತಾರೆ" ಎಂದರು. ಮಿಷನ್ನಿನ ಸಾಲದ ಕಂತು ತಲೆಯ ಮೇಲಿತ್ತು. ಬಾಯಿ ಮುಚ್ಚಿಕೊಂಡು ಛಾಪಿಸಿ ಕೊಟ್ಟೆ. ಕೋಡುಬಳೆಗಿಂತ ಲೋಕಲ್ ಮಾಲ್ ಇನ್ನೇನಿದೆ ಸ್ವಾಮಿ? ಇಲ್ಲಿ ತಯಾರಾದ ಸರಕಿನ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ನಮ್ಮದೇ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಹೇಳುತ್ತದೆ. ಅದನ್ನು ಓದಬೇಕಾದವರು ಓದಿಲ್ಲ, ಓದಿದ ನಾನು ಮಾತಾಡಲಿಲ್ಲ. ಈಗ ನನ್ನ ಟೇಬಲ್ ಹಿಂದೆ ಬೋರ್ಡು ಹಾಕಿದ್ದೇನೆ: "ತಿಂಡಿ ಲೇಬಲ್‌ನಲ್ಲಿ ಕನ್ನಡ ಹಾಕಿಸಿದರೆ ಕಂಪೋಸಿಂಗ್ ಕೂಲಿ ಇಲ್ಲ."

ಆದರೆ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಲೇಬಲ್ ಹಾಕಿದ ಮಾತ್ರಕ್ಕೆ ಚಿಪ್ಸು ಅಮೃತವಾಗುವುದಿಲ್ಲ. ಅದರ ತೂಕದ ಮೂರನೇ ಒಂದು ಪಾಲು ಎಣ್ಣೆ. ಮೇಲೆ ಭುವನೇಶ್ವರಿಯ ಚಿತ್ರ ಛಾಪಿಸಿದರೂ ಎಣ್ಣೆ ಎಣ್ಣೆಯೇ. ಲೇಬಲ್ ಬೇಕಿರುವುದು ತಿಳಿದು ಬಿಡುವುದಕ್ಕೆ. ಬಿಟ್ಟ ಮೇಲೆ ತಿನ್ನುವುದೇನು? ಉತ್ತರ ಈ ಋತುವಿನಲ್ಲೇ ಇದೆ.

ಲೇಬಲ್ಲೇ ಬೇಡದ ತಿಂಡಿಗಳು

ಆಶ್ವಯುಜ, ಕಾರ್ತಿಕ ನಮ್ಮ ನಾಡಿನ ಶರದೃತು. ಮುಂಗಾರಿನ ಬೆಳೆ ಕೈಗೆ ಬರುವ ಕಾಲ. ಚಳ್ಳಕೆರೆ, ಪಾವಗಡ, ಸಿರಾ ಕಡೆ ಕಡಲೆಕಾಯಿ ಕಿತ್ತು ರಾಶಿ ಹಾಕುತ್ತಾರೆ. ಸಂತೆಗೆ ಗೆಣಸು ಬರುತ್ತದೆ. ಸೀಬೆ, ಸೀತಾಫಲ ಗಾಡಿಯ ಮೇಲೆ ಕೂರುತ್ತವೆ. ನವರಾತ್ರಿಯಲ್ಲಿ ಗೊಂಬೆ ಕೂರಿಸಿದ ಮನೆಗಳಲ್ಲಿ ಸಂಜೆ ಮಕ್ಕಳ ಕೈಗೆ ಗುಗ್ಗರಿ. ಉತ್ತರ ಕರ್ನಾಟಕದಲ್ಲಿ ಸೀಗೆ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಕಾರ್ತಿಕದ ಕೊನೆ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಹಿರಿಯರ ಪಂಚಾಂಗದಲ್ಲಿ ಹಬ್ಬವೂ ತಿಂಡಿಯೂ ಒಂದೇ ಸಾಲಿನಲ್ಲಿವೆ. ನಿಮ್ಮ ಪಂಚಾಂಗದಲ್ಲಿ "ಒಂದು ಕೊಂಡರೆ ಒಂದು ಫ್ರೀ" ಮಾತ್ರ!

ಮಾಡುವುದು ಎಷ್ಟು ಸುಲಭ, ನೋಡಿ.

ಬೇಯಿಸಿದ ಕಡಲೆಕಾಯಿ: ಅರ್ಧ ಕೆ.ಜಿ. ಹಸಿ ಕಾಯಿಯನ್ನು ಮಣ್ಣು ಹೋಗುವ ತನಕ ಮೂರು ನೀರಿನಲ್ಲಿ ತೊಳೆಯಿರಿ. ಮುಳುಗುವಷ್ಟು ನೀರು, ಒಂದು ಚಮಚ ಉಪ್ಪು ಹಾಕಿ ಕುಕ್ಕರಿನಲ್ಲಿ ನಾಲ್ಕು ಕೂಗು. ಮುಗಿಯಿತು. ಬೂಷ್ಟು ಹಿಡಿದದ್ದು, ಕಹಿಯಾದದ್ದು ಕಂಡರೆ ಎಸೆಯಿರಿ. ಒಣಗಿದ ಬೀಜದ ಲೆಕ್ಕದಲ್ಲಿ 100 ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನು. ಆಲೂಗಡ್ಡೆ ಚಿಪ್ಸಿನಲ್ಲಿ ಅದರ ಮೂರನೇ ಒಂದು ಪಾಲೂ ಇಲ್ಲ. ಬೀಜದಲ್ಲೂ ಎಣ್ಣೆಯಿದೆ, ಆದ್ದರಿಂದ ಹಿಡಿ ಲೆಕ್ಕದಲ್ಲಿ ತಿನ್ನಿ, ಚೀಲದ ಲೆಕ್ಕದಲ್ಲಲ್ಲ. ಕಡಲೆಕಾಯಿ ಒಗ್ಗದವರು ಅದರ ತಂಟೆಗೇ ಹೋಗಬೇಡಿ.

ಗುಗ್ಗರಿ: ಹೆಸರುಕಾಳೋ ಕಡಲೆಕಾಳೋ ಹುರುಳಿಯೋ, ರಾತ್ರಿ ನೆನೆಹಾಕಿ ಮಲಗಿ. ಬೆಳಿಗ್ಗೆ ಕುಕ್ಕರಿನಲ್ಲಿ ಬೇಯಿಸಿ, ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಒಣಮೆಣಸಿನಕಾಯಿ, ಕರಿಬೇವು ಒಗ್ಗರಣೆ ಕೊಡಿ. ಮೇಲೆ ಕಾಯಿತುರಿ, ನಿಂಬೆಹಣ್ಣು. ಡಬ್ಬಿಗೆ ಹಾಕಿಕೊಂಡು ಹೋದರೆ ಹನ್ನೊಂದು ಗಂಟೆಯ ಹಸಿವಿಗೆ ಆಯಿತು.

ಗೆಣಸು: ತೊಳೆದು ಸಿಪ್ಪೆ ಸಮೇತ ಬೇಯಿಸಿ, ಸುಲಿದು ತಿನ್ನಿ. ಇದಕ್ಕಿಂತ ಸುಲಭದ್ದು ಬೇಕೆಂದರೆ ನೀರು ಕುಡಿಯಿರಿ! ಸಕ್ಕರೆ ಕಾಯಿಲೆಯವರು ಮಾತ್ರ ಅಳತೆ ನೋಡಿಕೊಳ್ಳಿ.

ಮಂಡಕ್ಕಿ: ಬೆಂಗಳೂರಿನ ಪುರಿಗೆ ದಾವಣಗೆರೆಯಲ್ಲಿ ಮಂಡಕ್ಕಿ ಎನ್ನುತ್ತಾರೆ, ಅಲ್ಲಿ ಅದನ್ನು ಹುರಿಯುವ ಭಟ್ಟಿಗಳೇ ಇವೆ. ಅದಕ್ಕೆ ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ಹುರಿಗಡಲೆ, ಕೊತ್ತಂಬರಿ, ನಿಂಬೆರಸ ಕಲಸಿ. ಐದು ನಿಮಿಷ.

"ಪಿ.ಜಿ. ರೂಮಿನಲ್ಲಿ ಒಲೆ ಇಲ್ಲ ಸಾರ್" ಎನ್ನುವ ತಂಗಿಯರಿಗೂ ತಮ್ಮಂದಿರಿಗೂ: ಕೋಸಂಬರಿಗೆ ಒಲೆ ಯಾಕೆ? ಒಂದು ಹಿಡಿ ಹೆಸರುಬೇಳೆ ಒಂದು ಗಂಟೆ ನೆನೆಸಿ, ನೀರು ಬಸಿದು, ಸೌತೆಕಾಯಿ ಹೆಚ್ಚಿ ಹಾಕಿ, ನಿಂಬೆ ಹಿಂಡಿ. ತೆಳು ಅವಲಕ್ಕಿಗೆ ಮೊಸರು ಸಾಕು. ಹುರಿಗಡಲೆಗೆ ಒಂದು ಚೂರು ಬೆಲ್ಲ ಸಾಕು. "ಟೈಮಿಲ್ಲ" ಎಂಬ ಮಾತು ಮಾತ್ರ ನನ್ನ ಹತ್ತಿರ ಬೇಡ. ಮೊಬೈಲಿನಲ್ಲಿ ಆರ್ಡರ್ ಮಾಡಿ, ಬರುವ ಹುಡುಗನ ಗಾಡಿ ಎಲ್ಲಿದೆ ಎಂದು ಪರದೆ ನೋಡುತ್ತಾ ಕೂರುವ ಹೊತ್ತಿಗೆ ಕುಕ್ಕರು ನಾಲ್ಕು ಸಲ ಕೂಗಿರುತ್ತದೆ.

ಹೊರಗಿನದೆಂಬ ಜಗಳವಲ್ಲ

ಇದನ್ನು ಓದಿ ಯಾರಾದರೂ "ಇವನು ಹೊರಗಿನ ತಿಂಡಿಯ ವೈರಿ" ಎಂದರೆ, ಅವರಿಗೊಂದು ಸಮಾಚಾರ. ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಗೆಣಸೂ, ಮೆಣಸಿನಕಾಯಿಯೂ, ಸೀಬೆಯೂ ಆ ಕಡೆಯಿಂದಲೇ ಹಡಗು ಹತ್ತಿ ಬಂದವು. ಬಂದವು, ನಮ್ಮ ಮಣ್ಣಿನಲ್ಲಿ ಬೇರು ಬಿಟ್ಟವು, ಕನ್ನಡದ ಹೆಸರು ಪಡೆದವು, ನಮ್ಮ ಪರಿಷೆಗೆ ಯಜಮಾನರಾದವು. ಬಂದದ್ದನ್ನು ನಮ್ಮದು ಮಾಡಿಕೊಳ್ಳುವ ತಾಕತ್ತು ಕನ್ನಡಕ್ಕೆ ಇದ್ದೇ ಇದೆ. ಜಗಳ ಇರುವುದು ನಮ್ಮ ಅಡುಗೆಮನೆಗೆ ಬಂದು, ನಮ್ಮ ದುಡ್ಡು ತಿಂದು, ನಮ್ಮ ಮಾತಿನಲ್ಲಿ ಒಂದು ಸಾಲೂ ಹೇಳದೆ ಹೋಗುವವರ ಜೊತೆ. ನಮ್ಮದೇ ತಿಂಡಿಯನ್ನು "ಅಜ್ಜಿ ತಿಂಡಿ" ಎಂದು ನಾಚಿಕೊಳ್ಳುವ ನಮ್ಮ ಜೊತೆಗೂ.

ನವೆಂಬರ್ ಒಂದಕ್ಕೆ ಕೊರಳಿಗೆ ಹಳದಿ ಕೆಂಪು ಶಾಲು ಹಾಕಿ ಬೈಕ್ ರ್‍ಯಾಲಿ ಮಾಡುತ್ತೀರಿ. ಮಾಡಿ, ನಾನೂ ಬರುತ್ತೇನೆ. ಬ್ಯಾನರು ಛಾಪಿಸುವವನೇ ನಾನು. ಆದರೆ ರ್‍ಯಾಲಿ ಮುಗಿದ ಮೇಲೆ ಬೀದಿಯಲ್ಲಿ ಬಿದ್ದಿರುವ ಖಾಲಿ ಪ್ಯಾಕೆಟ್ಟುಗಳನ್ನು ಎಂದಾದರೂ ಎತ್ತಿ ಓದಿದ್ದೀರಾ? ಒಂದರ ಮೇಲಾದರೂ ಕನ್ನಡವಿತ್ತೇ? ಈ ಸಲ ಇಷ್ಟು ಮಾಡಿ:

1. ರಾಜ್ಯೋತ್ಸವದ ಸಭೆಗಳಲ್ಲಿ ಚಿಪ್ಸು, ಬಿಸ್ಕತ್ತು ಹಂಚುವುದು ಬಿಟ್ಟು ಗುಗ್ಗರಿ, ಬೇಯಿಸಿದ ಕಡಲೆಕಾಯಿ, ಕಡ್ಲೆಪುರಿ ಹಂಚಿ. ಖರ್ಚು ನಿಮ್ಮಲ್ಲೇ ಉಳಿಯುತ್ತದೆ.

2. ಅಂಗಡಿಯಲ್ಲಿ ಪ್ಯಾಕೆಟ್ ಕೈಗೆತ್ತಿಕೊಂಡರೆ ಮೊದಲು ಬೆನ್ನು ತಿರುಗಿಸಿ. ಕನ್ನಡವಿಲ್ಲದಿದ್ದರೆ, ಇಲ್ಲ ಎಂದು ಜೋರಾಗಿ ಹೇಳಿಯೇ ಕೆಳಗಿಡಿ. ಅಂಗಡಿಯವರ ಮೇಲೆ ಕೂಗಾಡಬೇಡಿ, ಅವರೂ ಹೊಟ್ಟೆಪಾಡಿನವರು. ಪತ್ರ ಕಂಪನಿಗೆ ಬರೆಯಿರಿ.

3. ವಾರಕ್ಕೆ ಮೂರು ದಿನ ಕಾಳು ನೆನೆಹಾಕಿ ಮಲಗಿ. ಹುಡುಗರಿಗೂ ಸೇರಿಸಿಯೇ ಹೇಳುತ್ತಿದ್ದೇನೆ. ಅಮ್ಮ ಬಂದು ನೆನೆಹಾಕಲಿ ಎಂದು ಕಾಯಬೇಡಿ.

ಆಯುಧಪೂಜೆ ಮುಗಿದ ಮರುವಾರದಿಂದ ನಮ್ಮ ಪ್ರೆಸ್ಸಿನಲ್ಲಿ ಸಂಜೆ ನಾಲ್ಕೂವರೆಗೆ ಒಂದು ಕುಕ್ಕರ್ ಕೂಗುತ್ತಿದೆ. ಮೊದಲ ದಿನ ಮೂಗು ಮುರಿದ ಡಿ.ಟಿ.ಪಿ. ಹುಡುಗನೇ ಈಗ "ಸಾರ್, ಇವತ್ತು ಹುರುಳಿನಾ, ಕಡಲೆಕಾಯಿನಾ?" ಎಂದು ಕೇಳುತ್ತಾನೆ. ಹೋದ ವಾರ ನನ್ನ ಬಿ.ಪಿ. 140ಕ್ಕೆ 90. ಮಾತ್ರೆ ಇನ್ನೂ ಇದೆ, ಡಾಕ್ಟರ ಮೊಗದಲ್ಲಿ ಸ್ವಲ್ಪ ನಗುವೂ ಇದೆ.

ಓದಲಾಗದ್ದನ್ನು ತಿನ್ನಬೇಡಿ. ಬೇಯಿಸಿಕೊಂಡು ತಿನ್ನಿ. ಹಂಚಿಕೊಂಡು ತಿನ್ನಿ!