‘ಹೊಂದಿಕೊಂಡು ಹೋಗಮ್ಮ’ ಎಂದರೆ ಪಕ್ಷಪಾತವೇ?

‘ಸಾಹೇಬ್ರು ಪೂರ್ತಿ ಅವರ ಕಡೇನೇ ಆಗ್ಬಿಟ್ಟಿದಾರೆ ಅಕ್ಕಾ, ಇನ್ನು ನಾ ಕೋರ್ಟಿಗೆ ಹೋಗೋದೇ ಇಲ್ಲ.’

ಸಿದ್ದಾಪುರದ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಣ್ಣುಮಗಳು ಹೀಗಂದಾಗ, ಅವಳ ಸಿಟ್ಟಿಗಿಂತ ಆ ಕೊನೆಯ ಮಾತಿಗೇ ನಾನು ಹೆದರಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹೆಣ್ಣೊಬ್ಬಳು ವಿಚ್ಛೇದನಕ್ಕೆಂದು ಕೋರ್ಟಿನ ಮೆಟ್ಟಿಲು ಹತ್ತುವಷ್ಟರಲ್ಲಿ ಊರೆಲ್ಲ ಅವಳಿಗೆ ಬುದ್ಧಿ ಹೇಳಿ ಮುಗಿಸಿರುತ್ತದೆ. ಅಲ್ಲಿಯೂ ಅದೇ ಬುದ್ಧಿಮಾತಾದರೆ ಮನಸ್ಸು ಮುರಿಯದೇ ಇದ್ದೀತೆ?

ಇಂಥ ಅನುಮಾನವನ್ನು ಬರೀ ಭ್ರಮೆ ಎಂದು ತಳ್ಳಿಹಾಕುವಂತಿಲ್ಲ. 2012ರಲ್ಲಿ ನಮ್ಮ ಹೈಕೋರ್ಟಿನಲ್ಲೇ ವಿಚ್ಛೇದನ ಪ್ರಕರಣವೊಂದರಲ್ಲಿ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಅವರು, ಗಂಡ ಚೆನ್ನಾಗಿ ದುಡಿಯುತ್ತಾನೆ, ನೋಡಿಕೊಳ್ಳುತ್ತಾನೆ, ಇನ್ನೂ ಹೊಡೆತದ ಮಾತೇಕೆ ಎಂಬರ್ಥದಲ್ಲಿ ಹೆಂಡತಿಯನ್ನು ಕೇಳಿದರೆಂದು ವರದಿಯಾಗಿ ದೊಡ್ಡ ವಿವಾದವಾಯಿತು. 2024ರ ಸೆಪ್ಟೆಂಬರಿನಲ್ಲಿ ಅದೇ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಮಹಿಳಾ ವಕೀಲರಿಗೆ ಆಡಿದ ಮಾತಿನ ವಿಡಿಯೊ ಹರಿದಾಡಿದಾಗ ಸುಪ್ರೀಂ ಕೋರ್ಟು ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡಿತು. ಅವರು ವಿಷಾದ ಸೂಚಿಸಿದ ಮೇಲೆ, ನ್ಯಾಯಪೀಠದಿಂದ ಇಂಥ ಮಾತು ಬರಬಾರದೆಂದು ಎಚ್ಚರಿಸಿ ಪ್ರಕರಣ ಮುಗಿಸಿತು.

ಆದರೆ ಒಂದು ವಿಷಯ ತಿಳಿದಿರಲಿ. ಸಾಧ್ಯವಿರುವ ಕಡೆ ಗಂಡ-ಹೆಂಡಿರನ್ನು ರಾಜಿ ಮಾಡಿಸಲು ಪ್ರಯತ್ನಿಸುವುದು ಹಿಂದೂ ವಿವಾಹ ಕಾಯ್ದೆಯ 23ನೇ ಕಲಮಿನಂತೆ ನ್ಯಾಯಾಧೀಶರ ಕರ್ತವ್ಯ. ‘ಇಬ್ಬರೂ ಇನ್ನೊಮ್ಮೆ ಯೋಚನೆ ಮಾಡಿ’ ಎಂದರೆ ಅದು ಪಕ್ಷಪಾತವಲ್ಲ. ನಿಮ್ಮ ಅರ್ಜಿ ಒಮ್ಮೆ ತಿರಸ್ಕಾರವಾದದ್ದೂ ಅಲ್ಲ. ನಿಮ್ಮ ಸಾಕ್ಷಿಯನ್ನು ಕಾರಣವಿಲ್ಲದೆ ಬೇಡವೆಂದರೆ, ಅವರಿಗೆ ಕೇಳಿದಷ್ಟು ವಾಯಿದೆ ಕೊಟ್ಟು ನಿಮಗೆ ಒಂದನ್ನೂ ಕೊಡದಿದ್ದರೆ, ‘ಹೊಡೆದರೇನಂತೆ’ ಎಂಬ ಮಾತು ಬಂದರೆ ಆಗ ಯೋಚಿಸಬೇಕು.

ಆಗೇನು ಮಾಡೋದು? ಮೊದಲು, ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ, ಏನು ನಡೆಯಿತು, ಯಾರು ಹಾಜರಿದ್ದರು ಎಂಬುದನ್ನು ಅಂದೇ ಬರೆದಿಡಿ. ಕೋರ್ಟಿನೊಳಗೆ ಕದ್ದು ಮೊಬೈಲ್ ರೆಕಾರ್ಡಿಂಗ್ ಖಂಡಿತ ಬೇಡ. ಆರ್ಡರ್ ಶೀಟಿನ ದೃಢೀಕೃತ ನಕಲು ತೆಗೆಸಿಡಿ. ವಕೀಲರ ಮೂಲಕ ನಿಮ್ಮ ಆಕ್ಷೇಪ ದಾಖಲಾಗುವಂತೆ ನೋಡಿಕೊಳ್ಳಿ.

ಅಷ್ಟಕ್ಕೂ ಸರಿಯಾಗದಿದ್ದರೆ, ಕೇಸನ್ನು ಬೇರೆ ನ್ಯಾಯಾಲಯಕ್ಕೆ ವರ್ಗಾಯಿಸಿ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಡಿ ಜಿಲ್ಲಾ ನ್ಯಾಯಾಲಯವನ್ನೋ ಹೈಕೋರ್ಟನ್ನೋ ಕೇಳಬಹುದು. ನಮ್ಮ ಜಿಲ್ಲೆಗೆ ಹೈಕೋರ್ಟ್ ಎಂದರೆ ಧಾರವಾಡ ಪೀಠ, ಬೆಂಗಳೂರಿಗೆ ಓಡಬೇಕಿಲ್ಲ. ಅಲ್ಲಿ ‘ನನಗೆ ಹಾಗನ್ನಿಸಿತು’ ಎಂದರೆ ಸಾಲದು, ಆ ನೋಟ್‌ಬುಕ್ಕೇ ಆಗ ನೆರವಿಗೆ ಬರುವುದು. ತೀರ್ಪೇ ಬಂದುಬಿಟ್ಟಿದ್ದರೆ ಮೇಲ್ಮನವಿಯ ದಾರಿಯಿದೆ. ಗಡುವು ಎಷ್ಟೆಂದು ವಕೀಲರಲ್ಲಿ ಅಂದೇ ಕೇಳಿ. 30 ದಿನದೊಳಗೆ ಹಾಕಿದರೆ ಚಿಂತೆಯಿಲ್ಲ.

ದೂರು ಕೊಟ್ಟರೆ ನ್ಯಾಯಾಂಗ ನಿಂದನೆ ಆಗತ್ತಾ ಎಂದು ಅವಳೂ ಕೇಳಿದಳು. ಕೆಳಹಂತದ ನ್ಯಾಯಾಧೀಶರ ಬಗ್ಗೆ ಸದುದ್ದೇಶದಿಂದ ಹೈಕೋರ್ಟಿಗೆ ಹೇಳಿಕೊಂಡದ್ದು ನಿಂದನೆಯಲ್ಲ ಎಂದು 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 6ನೇ ಕಲಮೇ ಹೇಳುತ್ತದೆ. ಆದರೆ ಅದೇ ಮಾತನ್ನು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಈ ರಕ್ಷಣೆ ಸಿಗದು. ಕೈಯಲ್ಲಿ ದುಡ್ಡಿಲ್ಲವೇ? ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಇಲ್ಲವೇ 15100ಕ್ಕೆ ಕರೆ ಮಾಡಿ.

ಇಷ್ಟೆಲ್ಲ ಹೇಳಿದ ಮೇಲೂ ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ವಾಯಿದೆ ಮಾತ್ರ ತಪ್ಪಿಸಬೇಡಿ. ನೀವು ಬಾರದಿದ್ದರೆ ಏಕಪಕ್ಷೀಯ ಆದೇಶವಾದೀತು; ನಿಮ್ಮದೇ ಅರ್ಜಿಯಾದರೆ ವಜಾ ಆದೀತು. ಆಗ ಪಕ್ಷಪಾತ ಮಾಡಲು ಯಾರೂ ಬೇಕಾಗುವುದಿಲ್ಲ, ನಿಮ್ಮ ಖಾಲಿ ಜಾಗವೇ ಸಾಕು.