ಮೇಷ್ಟ್ರಿಗೂ ಪಾಠ ಬೇಕು



"ನಿಮ್ಮ ಮೇಷ್ಟ್ರು ಇವತ್ತೂ ತರಬೇತಿಗೆ ಹೋದ್ರಾ? ಪಾಠ ಮಾಡೋದು ಬಿಟ್ಟು ಅವರಿಗೆಂಥ ಪಾಠ?" ಎಂದು ಊರಿನಲ್ಲಿ ಕೆಲವರು ಕೇಳುತ್ತಾರೆ. ನೌಕರಿ ಸಿಕ್ಕಿದ ಮೇಲೆ ಕಲಿಯುವುದು ಮುಗಿಯಿತು ಎಂಬುದು ಅವರ ಎಣಿಕೆ. ಅದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಏಕೆಂದರೆ ಪಾಠವೇ ಬದಲಾಗುತ್ತಿರುತ್ತದೆ. ನಮ್ಮ ಅಪ್ಪಂದಿರು ಓದುವಾಗ ಸೂರ್ಯನ ಸುತ್ತ ಒಂಬತ್ತು ಗ್ರಹಗಳು. 2006ರಲ್ಲಿ ವಿಜ್ಞಾನಿಗಳು ಸಭೆ ಸೇರಿ ಪ್ಲೂಟೊವನ್ನು ಕುಬ್ಜ ಗ್ರಹ ಎಂದು ತೀರ್ಮಾನಿಸಿದರು. ಈಗ ಎಂಟೇ. ಅದಕ್ಕೆ ಮೊದಲು ಓದಿದ ಶಿಕ್ಷಕರು ಹೊಸದನ್ನು ತಿಳಿಯದಿದ್ದರೆ ನಾವೂ ಒಂಬತ್ತು ಅಂತಲೇ ಬಾಯಿಪಾಠ ಮಾಡುತ್ತಿದ್ದೆವು.

ಪಾಠ ಹೇಳುವ ರೀತಿಯೂ ಬದಲಾಗುತ್ತದೆ. 'ದೇಶ ಸುತ್ತು, ಕೋಶ ಓದು' ಎಂಬ ಗಾದೆಗೆ ನಲಿ-ಕಲಿಯೇ ಸಾಕ್ಷಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರಪ್ರದೇಶದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳ ಮಕ್ಕಳು ಕಾರ್ಡು ಹಿಡಿದು ಗುಂಪಿನಲ್ಲಿ ಕಲಿಯುವುದನ್ನು ನೋಡಿದರು. ಅದನ್ನು ತಮ್ಮ ಶಾಲೆಗಳಿಗೆ ಹೊಂದುವಂತೆ ಮಾಡಿಕೊಂಡರು. 1995ರಲ್ಲಿ ಅಲ್ಲಿ ಶುರುವಾದ ನಲಿ-ಕಲಿ 2009ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು.

ನಲಿ-ಕಲಿಯಲ್ಲಿ ನಾವು ಮೊದಲು ಕಲಿತದ್ದು ಅ ಆ ಇ ಈ ಅಲ್ಲ. ರ ಗ ಸ ದ ಅ. "ಇದೇನು ತಲೆಕೆಳಗು ಅಕ್ಷರಮಾಲೆ" ಅಂತ ಮನೆಯಲ್ಲಿ ನಗುತ್ತಿದ್ದರು. ಆದರೆ ಈ ಐದೇ ಅಕ್ಷರದಲ್ಲಿ ಸರ, ಅರಸ, ದಸರ, ಗರಗಸ ಎಂದು ಓದಬಹುದು! ಐವತ್ತು ಅಕ್ಷರ ಮುಗಿಯುವ ತನಕ ಕಾಯಬೇಕಿಲ್ಲ. ಶಿಕ್ಷಕರು ತರಬೇತಿಯಲ್ಲಿ ಈ ಗುಟ್ಟು ತಿಳಿಯದಿದ್ದರೆ ಕಾರ್ಡುಗಳೆಲ್ಲ ಬೀರುವಿನಲ್ಲೇ ಧೂಳು ಹಿಡಿಯುತ್ತಿದ್ದವು.

ಹಾಗಂತ ಊರವರ ಮಾತು ಪೂರ್ತಿ ಸುಳ್ಳಲ್ಲ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಹೋದರೆ ಉಳಿದವರು ಎಲ್ಲಾ ತರಗತಿಯವರನ್ನೂ ಒಟ್ಟಿಗೆ ಕೂರಿಸಿ ಕಾಪಿ ಬರೆಸಬೇಕಾಗುತ್ತದೆ. ನಷ್ಟ ಮಕ್ಕಳಿಗೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ಇಂಥ ಕಲಿಕೆ ಬೇಕೆಂದು ಹೇಳಿದೆ. ದಿನಕ್ಕೆ 6 ಗಂಟೆಯಂತೆ ಲೆಕ್ಕ ಹಾಕಿದರೆ 8 ದಿನಕ್ಕಿಂತ ಸ್ವಲ್ಪ ಹೆಚ್ಚು. ಇಡೀ ವರ್ಷದಲ್ಲಿ ಇದು ಹೆಚ್ಚೇನಲ್ಲ. ಆದರೆ ಆ ದಿನಗಳಲ್ಲಿ ಬದಲಿ ಶಿಕ್ಷಕರನ್ನು ಕಳಿಸಬೇಕು. ಪರೀಕ್ಷೆ ಹತ್ತಿರ ಬಂದಾಗ ಕರೆಯಲೇಬಾರದು. ಸಹಿ ಹಾಕಿ, ಊಟ ಮಾಡಿ, ಎದ್ದು ಬರುವಂಥ ತರಬೇತಿಯೂ ಬೇಡ. ಅಲ್ಲಿ ಕಲಿತದ್ದು ಮಾರನೇ ದಿನ ನಮ್ಮ ಕರಿಹಲಗೆಯ ಮೇಲೆ ಕಾಣಬೇಕು. ಗುರುಗಳು ನನ್ನ ಮಾತನ್ನು ತಪ್ಪು ತಿಳಿಯಬಾರದು.

ಕೊಯ್ಲಿನ ಕಾಲದಲ್ಲಿ ಕುಡುಗೋಲು ಮಸೆಯಲು ಕೂತವರನ್ನು ನಮ್ಮೂರಲ್ಲಿ ಯಾರೂ ಸೋಮಾರಿ ಅನ್ನುವುದಿಲ್ಲ. ಮಸೆದ ಮೇಲೆ ಗದ್ದೆಗೆ ಇಳಿಯಬೇಕು, ಅಷ್ಟೆ. ತರಬೇತಿಯೂ ಹಾಗೆಯೇ. ಆದ್ದರಿಂದ ಇನ್ನು ಮುಂದೆ ಯಾರಾದರೂ "ಮೇಷ್ಟ್ರಿಗೆಂಥ ಪಾಠ" ಎಂದರೆ, "ನಮಗೋಸ್ಕರ" ಎಂದು ಹೇಳೋಣ.

– 7ನೇ ತರಗತಿ ವಿದ್ಯಾರ್ಥಿನಿ