ಟಿಕೆಟ್ ಶೂನ್ಯ, ಸಂಜೆಯ ಬಸ್ ಎಲ್ಲಿ?

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲ್ಲೂಕು ಕೇಂದ್ರಗಳ ನಡುವೆ ಒಂದು ಹೋಲಿಕೆ ಇದೆ. ನಾಲ್ಕರಲ್ಲಿ ಒಂದಕ್ಕೂ ರೈಲು ನಿಲ್ದಾಣವಿಲ್ಲ. ಕಿತ್ತೂರಿನ ಮೇಲೆ ಹಾಯ್ದು ಹೋಗಬೇಕಾದ ಧಾರವಾಡ–ಬೆಳಗಾವಿ ನೇರ ಮಾರ್ಗ 73 ಕಿ.ಮೀ.ನದ್ದು. ಅದರ ಸುದ್ದಿಯನ್ನು ನಾವು ಹೈಸ್ಕೂಲಿನಿಂದ ಓದುತ್ತಲೇ ಇದ್ದೇವೆ. ಹೀಗಾಗಿ ಈ ಭಾಗದ ಹುಡುಗ ಹುಡುಗಿಯರು ಭಾನುವಾರ ಎಲ್ಲಿಗಾದರೂ ಹೋಗಬೇಕೆಂದರೆ ದಾರಿ ಎರಡೇ: ಕೆಂಪು ಬಸ್ಸು, ಇಲ್ಲವೇ ಬೈಕು.

ವಾರಾಂತ್ಯದ ತಿರುಗಾಟವೆಂದರೆ ಬೆಂಗಳೂರಿನ ಐಟಿ ಮಂದಿಯ ಶೋಕಿ ಎಂದು ನಮ್ಮ ಹಿರಿಯರು ತಿಳಿದಿದ್ದಾರೆ. ವಾಸ್ತವ ಹಾಗಿಲ್ಲ. ಹಾಸ್ಟೆಲ್‌ನಲ್ಲಿರುವವರಿಗೆ, ಮನೆಯಲ್ಲೇ ಕುಳಿತು ಪಿಡಿಒ, ಪಿಎಸ್‌ಐ ಪರೀಕ್ಷೆಗೆ ಓದುವವರಿಗೆ ವಾರಕ್ಕೆ ಸಿಗುವ ಒಂದೇ ಬಯಲೆಂದರೆ ಅದು. ಹೀಗೆ ಹೊರಗೆ ಹೋಗುವುದು ಯಾರಿಗೆ ಸಾಧ್ಯ, ಯಾರಿಗೆ ಸಾಧ್ಯವಿಲ್ಲ ಎಂಬುದು ಕಳೆದ ಎರಡು ಮೂರು ವರ್ಷಗಳಲ್ಲಿ ಬದಲಾಗಿದೆ.

ಮೊದಲ ಬದಲಾವಣೆ ಬಂದದ್ದು 2023ರ ಜೂನ್ 11ರಂದು, ಶಕ್ತಿ ಯೋಜನೆ ಜಾರಿಯಾದಾಗ. 2025ರ ಜುಲೈ ಹೊತ್ತಿಗೆ ರಾಜ್ಯದಲ್ಲಿ ಹರಿದ ಶೂನ್ಯ ಟಿಕೆಟ್‌ಗಳ ಸಂಖ್ಯೆ 500 ಕೋಟಿ ಮುಟ್ಟಿತು. ಇದನ್ನು ಕೆಲವರು ಬಿಟ್ಟಿ ಭಾಗ್ಯ ಎಂದು ಮೂಗು ಮುರಿಯುತ್ತಾರೆ. ಆ ಚರ್ಚೆ ಇಲ್ಲಿ ಬೇಡ. ನನ್ನ ವಾರಿಗೆಯ ಹುಡುಗಿಯರ ಮಟ್ಟಿಗೆ ನಡೆದದ್ದನ್ನು ಹೇಳುತ್ತೇನೆ. ಮೊದಲು ಮನೆಯಲ್ಲಿ ಅಪ್ಪನ ಹತ್ತಿರ ಬಸ್ ಚಾರ್ಜ್ ಕೇಳಬೇಕಿತ್ತು. ಕೇಳಿದರೆ ಎಲ್ಲಿಗೆ, ಯಾಕೆ, ಯಾರ ಜೋಡಿ ಎಂಬ ಮೂರು ಪ್ರಶ್ನೆ. ಈಗ ರೊಕ್ಕ ಕೇಳುವುದೇ ಇಲ್ಲವಾದ್ದರಿಂದ ಮೊದಲ ಎರಡು ಪ್ರಶ್ನೆಗಳ ಜೋರು ಕಡಿಮೆಯಾಗಿದೆ. ಆಧಾರ್ ಕಾರ್ಡ್ ಹಿಡಿದು ನಾಲ್ಕು ಜನ ಗೆಳತಿಯರು ಕಿತ್ತೂರಿನ ಕೋಟೆ ನೋಡಿ ಬಂದರು ಎಂಬುದು ಈಗ ಓಣಿಯಲ್ಲಿ ಸುದ್ದಿಯೇ ಅಲ್ಲ.

ಹುಡುಗರ ಲೆಕ್ಕ ಬೇರೆ. ವಿದ್ಯಾರ್ಥಿ ಪಾಸು ಊರಿನಿಂದ ಕಾಲೇಜಿನವರೆಗಿನ ಮಾರ್ಗಕ್ಕೆ ಮಾತ್ರ. ಅದನ್ನು ಹಿಡಿದು ಯಲ್ಲಮ್ಮನ ಗುಡ್ಡ ಹತ್ತಲು ಬರುವುದಿಲ್ಲ. 2025ರ ಜನವರಿ 5ರಿಂದ ಸರ್ಕಾರಿ ಬಸ್ ದರ ಶೇ 15ರಷ್ಟು ಏರಿತು. ಮೂವರು ಗೆಳೆಯರು ಹೋಗಿ ಬರುವ ಟಿಕೆಟ್ ಕೂಡಿಸಿದರೆ ಪೆಟ್ರೋಲೇ ಸೋವಿ ಎನಿಸುತ್ತದೆ. ಅಲ್ಲಿಗೆ ಒಂದು ಬೈಕು, ಮೂರು ಸವಾರರು, ಹೆಲ್ಮೆಟ್ ಇಲ್ಲ. ತ್ರಿಬಲ್ ರೈಡಿಂಗ್ ಬಗ್ಗೆ ಭಾಷಣ ಮಾಡುವವರು ಈ ಕೂಡು–ಕಳೆಯನ್ನೂ ಒಮ್ಮೆ ಮಾಡಿ ನೋಡಬೇಕು.

ಎರಡನೆಯ ಬದಲಾವಣೆ ಸವದತ್ತಿಯದು. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ 23 ರಾಜ್ಯಗಳ 40 ಪ್ರವಾಸಿ ತಾಣಗಳ ಯೋಜನೆಗಳಿಗೆ ಒಪ್ಪಿಗೆ ಕೊಟ್ಟಿತು. ಕರ್ನಾಟಕಕ್ಕೆ ಸಿಕ್ಕಿದ್ದು ಎರಡು. ಒಂದು ಬೆಂಗಳೂರಿನ ತಾತಗುಣಿಯ ರೋರಿಚ್–ದೇವಿಕಾ ರಾಣಿ ಎಸ್ಟೇಟ್, ಇನ್ನೊಂದು ನಮ್ಮ ಯಲ್ಲಮ್ಮನ ಗುಡ್ಡ. ಗುಡ್ಡದ ಪಾಲು 100 ಕೋಟಿ ರೂಪಾಯಿ. ಇದು ದಾನವಲ್ಲ, ರಾಜ್ಯಕ್ಕೆ 50 ವರ್ಷದ ಬಡ್ಡಿರಹಿತ ಸಾಲ. ಗುಡ್ಡಕ್ಕೆ ಹಣ ಬೇಕೇ ಬೇಕು, ಅನುಮಾನವಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಮಹಾರಾಷ್ಟ್ರದಿಂದಲೂ ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಬರುವ ಲಕ್ಷಾಂತರ ಜನ ಬಯಲಲ್ಲೇ ಒಲೆ ಹೂಡಿ, ಹೋಳಿಗೆ ಮಾಡಿ, ಪಡ್ಡಲಗಿ ತುಂಬಿ, ಅಲ್ಲೇ ಮಲಗುತ್ತಾರೆ. ಅವರಿಗೆ ನೀರು, ಶೌಚಾಲಯ, ನೆರಳು ಸಿಗಲಿ.

ನನ್ನ ತಕರಾರು ಬೇರೆ. ನಮ್ಮ ಪ್ರವಾಸೋದ್ಯಮದ ಚರ್ಚೆಯೆಲ್ಲ ‘ತಾಣ’ದ ಸುತ್ತಲೇ ಇರುತ್ತದೆ. ಎಲ್ಲಿ ಕಟ್ಟಬೇಕು, ಎಷ್ಟು ಎತ್ತರ ಕಟ್ಟಬೇಕು, ಯಾರ ಊರಿನಲ್ಲಿ ಕಟ್ಟಬೇಕು. ಕಿತ್ತೂರಿನ ಅರಮನೆಯ ಪ್ರತಿಕೃತಿಯನ್ನು ಬಚ್ಚನಕೇರಿಯಲ್ಲಿ ಕಟ್ಟುವ ವಿಚಾರಕ್ಕೆ 2022ರಲ್ಲಿ ಎಷ್ಟು ಗದ್ದಲವಾಯಿತು, ನೆನಪಿರಬಹುದು. ಅದೇ ಕಿತ್ತೂರಿನಿಂದ ಐದಾರು ಕಿ.ಮೀ. ದೂರದ ದೇಗಾಂವದಲ್ಲಿ 12ನೇ ಶತಮಾನದ ಕಮಲನಾರಾಯಣ ಗುಡಿ ಇದೆ. ಗೋವೆಯ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ್ದು, ಶಿಲ್ಪಿಯ ಹೆಸರು ತಿಪ್ಪೋಜ. ಒಂದು ಕಲ್ಲನ್ನೂ ಹೊಸದಾಗಿ ಇಡಬೇಕಿಲ್ಲ. ಆ ಗುಡಿಗೆ ಹೋಗಿ ಮರಳುವ ಬಸ್ಸಿನ ವೇಳೆಯನ್ನು ಕಿತ್ತೂರಿನ ಕೋಟೆಯ ಬಾಗಿಲಲ್ಲಿ ಒಂದು ಹಲಗೆಯ ಮೇಲೆ ಬರೆದರೆ ಸಾಕು.

ಸವದತ್ತಿಯ ಸುತ್ತಲೂ ಇದೇ ಕತೆ. ಗುಡ್ಡಕ್ಕೆ ಬಂದವರು ತಾಯಿಯ ದರ್ಶನ ಮಾಡಿ, ಬಹಳವೆಂದರೆ ನವಿಲುತೀರ್ಥದ ಅಣೆಕಟ್ಟೆಯನ್ನು ದೂರದಿಂದ ನೋಡಿ ಹೋಗುತ್ತಾರೆ. ಊರೊಳಗೇ ಇರುವ 18ನೇ ಶತಮಾನದ ದೇಸಾಯಿಯ ಕೋಟೆ, ಒಂಬತ್ತು ಕಿ.ಮೀ. ಆಚೆಯ ಹೂಲಿಯ ಪಂಚಲಿಂಗೇಶ್ವರ, ಪಾರಸಗಡದ ಹಾಳು ಬಿದ್ದ ಬುರುಜುಗಳು ಇವೆಲ್ಲ ಚಾರಣಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ನಮ್ಮ ಹುಡುಗರು ಬೈಕು ಏರಿ ಹೋಗುವುದು ಖಾನಾಪುರದ ಕಾಡಿಗೆ, ದೂಧಸಾಗರಕ್ಕೆ. 2023ರ ಜುಲೈನಲ್ಲಿ ದೂಧಸಾಗರದ ಹತ್ತಿರ ಹಳಿಗುಂಟ ನಡೆದ ಚಾರಣಿಗರಿಗೆ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತು. ಮರುವರ್ಷ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಂದೇ ವಾರಾಂತ್ಯ ಸಾವಿರಾರು ಮಂದಿ ನುಗ್ಗಿದ ಮೇಲೆ ಸರ್ಕಾರ ಚಾರಣಕ್ಕೇ ಕಡಿವಾಣ ಹಾಕಿ, ಆನ್‌ಲೈನ್ ಬುಕಿಂಗ್ ತಂದಿತು. ಒಂದು ಕಡೆ ಕಾಲಿಡಲು ಜಾಗವಿಲ್ಲ, ಇನ್ನೊಂದು ಕಡೆ ಹೂಲಿಯ ಗುಡಿಯಲ್ಲಿ ಪಾರಿವಾಳ ಬಿಟ್ಟರೆ ಯಾರೂ ಇಲ್ಲ.

ಸೈಕಲ್ಲಿನ ಮಾತಿಗೆ ಬರೋಣ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಶುರುವಾಯಿತು, ಕೋವಿಡ್ ಬಂದಾಗ ನಿಂತಿತು. ನನ್ನ ವಯಸ್ಸಿನವರು ಅದನ್ನು ಪಡೆದ ಕೊನೆಯ ಬ್ಯಾಚುಗಳಲ್ಲಿ ಬರುತ್ತೇವೆ. ಮುಂದೆ ಬುಟ್ಟಿ ಇದ್ದ ಆ ಸೈಕಲ್ಲು ನನ್ನದಿನ್ನೂ ಓಡುತ್ತದೆ. ಮಳೆಗಾಲ ಮುಗಿದ ಮೇಲೆ, ಬಿಳಿಜೋಳ ಮೊಣಕಾಲೆತ್ತರ ಬಂದ ಎರೆಹೊಲಗಳ ನಡುವೆ ಬೆಳಿಗ್ಗೆ ಆರಕ್ಕೆ ಸೈಕಲ್ ತುಳಿಯುವ ಸುಖ ಯಾವ ಜಿಮ್ಮಿನಲ್ಲೂ ಇಲ್ಲ. ಆದರೆ ಅದೇ ಹೊತ್ತಿಗೆ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಕೂಡ ಇಲ್ಲದೆ, ಎದೆ ನಡುಗಿಸುವ ಹಾಡು ಹಚ್ಚಿಕೊಂಡು ಬರುವ ಟ್ರ್ಯಾಕ್ಟರಿಗೆ ದಾರಿ ಬಿಡಬೇಕೆಂದರೆ ಸೈಕಲ್ಲು ತಗ್ಗಿಗೇ ಇಳಿಯಬೇಕು. ಡಾಂಬರಿನ ಅಂಚಿಗೂ ಮಣ್ಣಿಗೂ ನಡುವೆ ಅರ್ಧ ಅಡಿ ಕುಸಿತ. ನಾವು ಸಿವಿಲ್‌ನವರು ಇದನ್ನು ‘ಶೋಲ್ಡರ್’ ಎಂದು ಓದುತ್ತೇವೆ. ಪುಸ್ತಕದಲ್ಲಿ ಅದಕ್ಕೆ ಅಳತೆ ಇದೆ, ನಮ್ಮ ರಸ್ತೆಯಲ್ಲಿ ಹುಡುಕಿದರೂ ಸಿಗುವುದಿಲ್ಲ.

ಊಟದ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಹುಡುಗಿಯರ ತಿರುಗಾಟ ಎಷ್ಟೋ ಸಲ ಮುರಿದು ಬೀಳುವುದು ಅಲ್ಲಿಯೇ. ಹೆದ್ದಾರಿಯ ದಾಬಾಗಳಲ್ಲಿ ಹಲವು ಕಡೆ ಊಟಕ್ಕಿಂತ ಬಾಟಲಿಯ ಸದ್ದೇ ಹೆಚ್ಚು. ‘ಫ್ಯಾಮಿಲಿ’ ಎಂದು ಬರೆದ ಪರದೆಯ ಹಿಂದೆ ಕೂತು ತಿನ್ನಲು ಮನಸ್ಸಾಗುವುದಿಲ್ಲ. ಹಾಗಾಗಿ ಬಸ್ ನಿಲ್ದಾಣದ ಹತ್ತಿರದ ಮಿರ್ಚಿ, ಗಿರ್ಮಿಟ್ಟೇ ನಮ್ಮ ಊಟ. ನಮಗೆ ಬೇಕಾದದ್ದು ಒಂದು ಖಾನಾವಳಿ. ಬಿಸಿ ರೊಟ್ಟಿ, ಝುಣಕ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ, ಮೇಲೊಂದು ಲೋಟ ಮಜ್ಜಿಗೆ. ಹೊರಗಿನಿಂದ ಬಂದವರೂ ಇದನ್ನೇ ಹುಡುಕುತ್ತಾರೆ. ರೊಟ್ಟಿ ಬಡಿಯುವ ಸ್ವಸಹಾಯ ಸಂಘಗಳು ನಮ್ಮೂರುಗಳಲ್ಲಿವೆ. ಖಡಕ್ ರೊಟ್ಟಿ ಕಟ್ಟಿ ಪೇಟೆಗೆ ಕಳಿಸುವ ಅದೇ ಅಕ್ಕಂದಿರಿಗೆ ಕೋಟೆಯ ಎದುರು, ಸೊಗಲದ ಜಲಪಾತದ ಹತ್ತಿರ ಒಂದು ಕೋಣೆ ಬಾಡಿಗೆಗೆ ಕೊಟ್ಟರೆ ಸಾಕು. ಕೆಲಸ ಹುಡುಕುತ್ತಿರುವ ಓದುಗರು ಇದನ್ನು ಸಣ್ಣ ಮಾತೆಂದು ತಿಳಿಯಬಾರದು. ಗೈಡ್, ಸೈಕಲ್ ಬಾಡಿಗೆ, ಖಾನಾವಳಿಯ ಲೆಕ್ಕ ನೋಡಿಕೊಳ್ಳುವುದು ಎಲ್ಲವೂ ಕೆಲಸವೇ. ಆದರೆ ಜನ ಬಂದು, ನಿಂತು, ಉಂಡು ಹೋಗುವಷ್ಟು ಹೊತ್ತು ಇದ್ದರೆ ಮಾತ್ರ ಅವು ಹುಟ್ಟುತ್ತವೆ. ಎರಡಕ್ಕೆ ಬಂದು ಮೂರಕ್ಕೆ ಓಡುವವರಿಂದ ಯಾವ ಕೆಲಸವೂ ಹುಟ್ಟುವುದಿಲ್ಲ.

ಅವರು ಓಡುವುದು ಬಸ್ಸಿಗಾಗಿ. ನಮ್ಮ ಬಸ್ಸುಗಳ ಜಾಲ ಹಳ್ಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಬೆಳಗಾವಿಗೋ ಧಾರವಾಡಕ್ಕೋ ಹೋಗುವಂತೆ ಹೆಣೆದದ್ದು. ಶಾಲೆ, ಕಚೇರಿ, ಸಂತೆಗೆ ಅದು ಸರಿ. ಒಂದು ತಾಣದಿಂದ ಇನ್ನೊಂದು ತಾಣಕ್ಕೆ ಅಡ್ಡ ಹೋಗಬೇಕೆಂದರೆ ಪ್ರತಿಸಲ ತಾಲ್ಲೂಕು ನಿಲ್ದಾಣಕ್ಕೆ ಬಂದು ಬೇರೆ ಬಸ್ಸಿಗೆ ಕಾಯಬೇಕು. ಸೊಗಲದಂಥ ಜಾಗದಿಂದ ಇಳಿಹೊತ್ತಿನಲ್ಲಿ ಮರಳುವಾಗ ಟಂಟಂ ಸಿಕ್ಕರೆ ಪುಣ್ಯ. ಟಂಟಂಗೆ ಶೂನ್ಯ ಟಿಕೆಟ್ ಇಲ್ಲ, ಏರಿದ ಮೇಲೆ ಎಷ್ಟು ಜನರ ನಡುವೆ ಕೂರಬೇಕೆಂಬ ಲೆಕ್ಕವೂ ಇಲ್ಲ. ನಮ್ಮವ್ವ ಹೇಳುವುದು ಒಂದೇ ಮಾತು: ‘ಹೊತ್ತು ಮುಳುಗೂದ್ರಾಗ ಬಸ್ ಐತಿ ಅಂದ್ರ ಹೋಗು, ಇಲ್ಲಾಂದ್ರ ಬ್ಯಾಡ.’ ಅವಳ ಮಾತಿನಲ್ಲಿ ತಪ್ಪಿಲ್ಲ. ಶಕ್ತಿ ಯೋಜನೆ ಹುಡುಗಿಯರಿಗೆ ಬೆಳಗಿನ ಬಾಗಿಲು ತೆರೆಯಿತು, ಸಂಜೆಯ ಬಾಗಿಲು ಇನ್ನೂ ಮುಚ್ಚಿಯೇ ಇದೆ. ಕೊನೆಗೆ ವಾರಾಂತ್ಯ ಬೈಕು ಇದ್ದವರದೇ. ನಮ್ಮ ಕಡೆ ಬೈಕು ಇದ್ದವರೆಂದರೆ ಹುಡುಗರೇ.

ಇದಕ್ಕೆ ಹೊಸ ಯೋಜನೆ, ಹೊಸ ಮಂಡಳಿ ಬೇಕಿಲ್ಲ. ವಾಯವ್ಯ ಸಾರಿಗೆ ಸಂಸ್ಥೆ ಮಳೆಗಾಲದ ವಾರಾಂತ್ಯಗಳಲ್ಲಿ ಹುಬ್ಬಳ್ಳಿಯಿಂದ ಜೋಗಕ್ಕೆ ವಿಶೇಷ ಬಸ್ ಓಡಿಸಿದೆ, ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೂ ಓಡಿಸುತ್ತದೆ. ಅದೇ ರೀತಿ ಭಾನುವಾರ ಕಿತ್ತೂರಿನಿಂದ ಹೊರಟು ಬೈಲಹೊಂಗಲದ ಚೆನ್ನಮ್ಮನ ಸಮಾಧಿ, ಸೊಗಲ, ಸವದತ್ತಿ, ಹೂಲಿ ದಾಟಿ ರಾಮದುರ್ಗ ಮುಟ್ಟಿ, ಸಂಜೆ ಅದೇ ದಾರಿಯಲ್ಲಿ ಮರಳುವ ಎರಡು ಸಾದಾ ಬಸ್ ಸಾಕು. ಸಾದಾ ಬಸ್ಸೇ ಇರಬೇಕು. ಪ್ಯಾಕೇಜ್ ಪ್ರವಾಸವೆಂದು ಹೆಸರು ಕೊಟ್ಟರೆ ಶೂನ್ಯ ಟಿಕೆಟ್ ಹೋಗಿಬಿಡುತ್ತದೆ. ರಾಮದುರ್ಗಕ್ಕೆ ಇದರ ಲಾಭ ಹೆಚ್ಚು. ಸುರೇಬಾನದ ಶಬರಿಕೊಳ್ಳ, ತೊರಗಲ್ಲಿನ ಕೋಟೆ, 78 ಅಡಿಯ ಶಿವನ ಮೂರ್ತಿ ಎಲ್ಲ ಇದ್ದೂ ಅದು ಜಿಲ್ಲೆಯ ತುದಿಯಲ್ಲಿ ಉಳಿದಿದೆ.

‘ಬಸ್ ಬಿಟ್ಟರೆ ಜನ ಎಲ್ಲಿದ್ದಾರೆ?’ ಎಂದು ಘಟಕದಲ್ಲಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಎಲ್ಲಿಂದ ಎಲ್ಲಿಗೆ ಎಷ್ಟು ಜನ, ಯಾವ ಹೊತ್ತಿಗೆ ಹೋಗುತ್ತಾರೆ ಎಂಬ ಸಮೀಕ್ಷೆ ಮಾಡುವುದು ಸಿವಿಲ್ ವಿದ್ಯಾರ್ಥಿಗಳಿಗೆ ಪಠ್ಯದಲ್ಲೇ ಇದೆ. ಪ್ರತಿವರ್ಷ ಯಾವುದೋ ಊರಿನ ಅಂಕಿಅಂಶ ಇಳಿಸಿಕೊಂಡು ಪ್ರಾಜೆಕ್ಟ್ ವರದಿ ಬೈಂಡ್ ಮಾಡಿಸುವ ಬದಲು ನಮ್ಮೂರ ನಿಲ್ದಾಣದಲ್ಲೇ ನಿಂತು ಎಣಿಸಬಹುದು. ನಾಲ್ಕು ನಿಲ್ದಾಣ, ನಾಲ್ಕು ಭಾನುವಾರ, ನಿಲ್ದಾಣಕ್ಕೆ ನಾಲ್ವರಂತೆ ಹದಿನಾರು ಜನ. ಕಿತ್ತೂರು ಉತ್ಸವ ನಡೆಯುವುದು ಅಕ್ಟೋಬರ್ 23ರಿಂದ. ಅದಕ್ಕೂ ಒಂದು ತಿಂಗಳು ಮೊದಲೇ ಎಣಿಕೆ ಮುಗಿಸಿ ಘಟಕ ವ್ಯವಸ್ಥಾಪಕರ ಮೇಜಿನ ಮೇಲೆ ಇಟ್ಟರೆ, ಉತ್ಸವದ ಮೂರು ದಿನವಾದರೂ ಈ ಬಸ್ಸು ಓಡಿಸಿ ನೋಡಲು ಅವರಿಗೆ ಒಂದು ಕಾರಣ ಸಿಗುತ್ತದೆ. ಬೈಲಹೊಂಗಲದ ನಿಲ್ದಾಣಕ್ಕೆ ನಾವು ಮೂವರು ಗೆಳತಿಯರು ಸಿದ್ಧ. ಇನ್ನೊಬ್ಬರು ಬೇಕು.